ಆಯಿಯ ಅಕ್ಕಡಿ ಸಾಲು

ಮೊನ್ನೆ ಮಹಾಲಿಂಗಪುರದ ಸಂತೆಯಿಂದ ತಂದ ಗುರೆಳ್ಳು ಹುರಿಯುತ್ತಿದ್ದೆ. ಚಟಪಟ ಸಿಡಿದು ಕಮ್ಮನೆಯ ವಾಸನೆ ಅಡುಗೆಮನೆ ತುಂಬಿತು ನೋಡಿ, ಸಾವಳಗಿ ಕಡೆಯ ನಮ್ಮೂರಿನ ಬಾಜೂ ಮನೆಯ ಆಯಿ ಎದುರಿಗೇ ಬಂದು ಕುಳಿತಂತಾಯಿತು...

ಅಜ್ಜಿಯಂತೆ ಆಯಿ ಎಂದು ಕರೆದರೂ ಆಕೆ ನಮಗೆ ಬಳಗವಲ್ಲ. ಮನೆಗೆ ಮನೆ ಹತ್ತಿತ್ತು, ಹೊಲಕ್ಕೆ ಹೊಲ ಹತ್ತಿತ್ತು, ಅಷ್ಟೆ. ಆಕೆಯ ಹೊಲ ಮೊದಲು ಗಂಡನ ಹೆಸರಿನಲ್ಲಿತ್ತು, ಆಮೇಲೆ ಮಗನ ಕೈಗೆ ಬಂತು. ಆದರೆ ಸಜ್ಜೆಯ ಸಾಲುಗಳ ನಡುನಡುವೆ ಬಿತ್ತುವ ಅಕ್ಕಡಿ ಸಾಲು ಮಾತ್ರ ಆಯಿಯದು. ಗುರೆಳ್ಳು ಹಾಕಬೇಕೋ, ಹೆಸರುಕಾಳು ಹಾಕಬೇಕೋ, ಬೆಳೆದದ್ದನ್ನು ಯಾರಿಗೆ ಕೊಡಬೇಕೋ, ಗಂಡಸರು ಬಾಯಿ ಹಾಕುತ್ತಿರಲಿಲ್ಲ. ಪಂಚಮಿಗೆ ಬೀಳಗಿ ಕಡೆಯಿಂದ ಬರುವ ಮಗಳ ಚೀಲ ಹೋಗುವಾಗ ಆ ಕಾಳಿನಿಂದಲೇ ತುಂಬುತ್ತಿತ್ತು. ಇಡೀ ಹೊಲ ಆಳುವ ಗಂಡಸರ ಹಕ್ಕು ಈ ಸಾಲಿನ ಹತ್ತಿರ ಬಂದು ಯಾಕೆ ನಿಲ್ಲುತ್ತದೆ ಎಂದು ನನಗೆ ಸಣ್ಣವಳಿದ್ದಾಗಿನಿಂದ ಸೋಜಿಗ. ಕೇಳಿದರೆ ಅವ್ವ, "ಅದು ಮೊದಲಿಂದ ಹಂಗ ಐತಿ" ಎಂದು ಮುಗಿಸುತ್ತಿದ್ದಳು.

ಆಮೇಲೆ ಹೊಲಕ್ಕೆ ನೀರು ಬಂತು. ನೀರು ಬಂದ ಮೇಲೆ ಕಬ್ಬು ಬಾರದೆ ಇದ್ದೀತೇ? ಹೊಲಕ್ಕೆಲ್ಲ ಕಬ್ಬು ಹಚ್ಚುತ್ತೇನೆ ಎಂದು ಮಗ ಹೇಳಿದ ದಿನ ಆಯಿ ಕಟ್ಟೆಯ ಮೇಲೆ ಕುಳಿತು ಕೇಳಿದಳು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ.

"ಹಚ್ಚಪಾ. ನನ್ನ ಅಕ್ಕಡಿ ಎಲ್ಲಿ ಬಿತ್ತಲಿ?"

"ಕಬ್ಬಿನಾಗ ಎಲ್ಲಿ ಅಕ್ಕಡಿ ಬೇ? ನಿನಗ ಬೇಕಾದ್ದು ಪ್ಯಾಟಿಯಿಂದ ತಂದ ಕೊಡ್ತೀನಿ."

"ನೀ ತಂದ್ರ ಅದು ನಿಂದು. ಮಗಳ ಉಡಿಗೆ ನಂದಂತ ಏನ ಹಾಕ್ಲಿ?"

ಮಗ ಕೆಟ್ಟವನಲ್ಲ. ಆಕೆಯ ಮಾತು ಅವನಿಗೆ ತಿಳಿಯಲಿಲ್ಲ.

ಮರುದಿನ ಆಯಿ ನಮ್ಮನೆಗೆ ಬಂದಳು. ಅಪ್ಪ ಅಲ್ಲೇ ಕುಳಿತಿದ್ದರೂ ಕೇಳಿದ್ದು ಅವ್ವನನ್ನು. "ನಡುವಿನ ಬದು ಅರ್ಧಾ ನಿಮ್ಮದೈತಿ. ಅದರ ಮ್ಯಾಲ ಗುರೆಳ್ಳು ಚೆಲ್ಲಲೇನ ಬೇ?"

ಅವ್ವ ಅಪ್ಪನ ಮುಖ ಕೂಡ ನೋಡದೆ, "ಚೆಲ್ಲರಿ ಅತ್ತಿ" ಎಂದುಬಿಟ್ಟಳು. ಆ ವರ್ಷ ಎರಡು ಹೊಲಗಳ ನಡುವೆ ಉದ್ದಕ್ಕೂ ಹಳದಿ ಹೂ. ಮುಂದಿನ ಪಂಚಮಿಗೆ ಮಗಳ ಚೀಲಕ್ಕೆ ಬಿದ್ದದ್ದು ಮೊದಲಿಗಿಂತ ಕಡಿಮೆಯೇ. ಆದರೂ ಅದನ್ನು ಕಟ್ಟಿಕೊಡುವಾಗ ಆಯಿಯ ಮುಖ ನೋಡಬೇಕಿತ್ತು...

ಆಯಿ ತೀರಿಕೊಂಡ ಮೇಲೆ ಆಕೆಯ ಮಗಳು ಹೊಲದ ಪಾಲನ್ನು ತನ್ನ ಅಣ್ಣನಿಗೆ ಬಿಟ್ಟುಕೊಟ್ಟಳು. ಅಪ್ಪ ಹೋದ ಮೇಲೆ ನಾನೂ ನನ್ನ ಪಾಲನ್ನು ನನ್ನಣ್ಣನಿಗೆ ಬಿಟ್ಟುಕೊಟ್ಟೆ. ಕಾನೂನು ಏನೇ ಹೇಳಲಿ, ಹೊಸ ಸೀರೆ ಉಟ್ಟು, ಉಡಿ ತುಂಬಿಸಿಕೊಂಡು, ಸಹಿ ಹಾಕಿ ಬರುವುದು ನಮ್ಮ ಕಡೆಯ ರೂಢಿ. ತವರಿನ ಬಾಗಿಲು ತೆರೆದಿರಬೇಕಲ್ಲ!

ಬಾಣಲೆ ಕೆಳಗಿಳಿಸಿ ಅಣ್ಣನಿಗೆ ಫೋನ್ ಮಾಡಿದೆ. ಆ ಬದುವಿನ ಮೇಲೆ ಈ ಸಲ ನಾನು ಗುರೆಳ್ಳು ಬಿತ್ತಲೇ ಎಂದು ಕೇಳಿದೆ. ಅವನು ಅಕ್ಕರೆಯಿಂದಲೇ ನಕ್ಕ.

"ಬದು ಎಲ್ಲೈತಿ ತಂಗಿ? ಅದನ್ನ ಕಿತ್ತು ಕಬ್ಬು ಹಚ್ಚೇವಿ. ಎಷ್ಟ ಬೇಕ ಹೇಳು, ಪ್ಯಾಟಿಯಿಂದ ತಂದ ಕೊಡ್ತೀನಿ."

ಅವನಿಗೆ ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಆಯಿಯ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆಯಿ ಇರಬೇಕಿತ್ತು ಅನ್ನಿಸಿತು.

"ತಗೊಂಬಾ ಅಣ್ಣಾ" ಎಂದೆ.