ಮೌಲಾಬಿಯ ಬುಟ್ಟಿಗೆ ಬಂದ ನದಿ ರೀವದ ಮೊಟ್ಟೆಗಳು

ಹಿಡಕಲ್ ಜಲಾಶಯದ ದಂಡೆಯ ಆ ಊರಲ್ಲಿ ಯಾರಿಗಾದರೂ ಕೋಳಿ ಮರಿ ಬೇಕಾದರೆ ಮೊಟ್ಟೆ ತಂದು ಮೌಲಾಬಿಗೆ ಕೊಡುತ್ತಾರೆ. ಗಂಡ ಬಂದೇನವಾಜ ಹಿಡಿದ ಮೀನನ್ನು ಹುಕ್ಕೇರಿ ಸಂತೆಯಲ್ಲಿ ಮಾರುವುದು ಅವಳ ಕಸುಬು. ಕೋಳಿಯನ್ನು ಕಾವಿಗೆ ಕೂಡಿಸುವುದು ಅವಳ ಹೆಮ್ಮೆ. ಬುಟ್ಟಿಯ ತಳಕ್ಕೆ ಬೂದಿ, ಮೇಲೆ ರವದಿ ಎನ್ನುವ ಕಬ್ಬಿನ ಒಣಗರಿ, ಅದರ ಮೇಲೆ ಮೊಟ್ಟೆ. ಅವಳ ಮನೆಯಲ್ಲಿ ಮೊಟ್ಟೆ ಕೆಡುವುದು ಅಪರೂಪ.

ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆ ತಲೆ ಎತ್ತಿದಾಗ ನದಿ ರೀವಗಳು ಅಲ್ಲಿಗೆ ಬರುತ್ತವೆ. ಹಳದಿ ಕೊಕ್ಕು, ಕರಿ ನೆತ್ತಿ, ಕವಲು ಬಾಲದ ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಬಯಲಿನ ಗರಸು ಮಣ್ಣಿನಲ್ಲಿ ಒಂದು ತಗ್ಗು ಮಾಡಿ ಮೊಟ್ಟೆ ಇಡುತ್ತದೆ. ನೀರು ಇನ್ನೂ ಇಳಿದರೆ ನಡುಗಡ್ಡೆ ದಂಡೆಗೆ ಕೂಡಿ ನಾಯಿಗಳಿಗೆ ದಾರಿಯಾಗುತ್ತದೆ. ಅಳಿವಿನ ಅಂಚಿಗೆ ಸರಿಯುತ್ತಿರುವ ಹಕ್ಕಿಗೆ ಒಂದು ಬೇಸಿಗೆ ಕೆಟ್ಟರೂ ದೊಡ್ಡ ನಷ್ಟ. ಗೋಕಾಕದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಶೈಲಾ ಇದನ್ನು ಮೌಲಾಬಿಗೆ ತಿಳಿಸಿ, ದಾರಿ ಬಿದ್ದರೆ ಫೋನ್ ಮಾಡಿ, ಮುಳ್ಳಿನ ಬೇಲಿ ಹಚ್ಚೋಣ ಎಂದಿದ್ದಳು.

ಈ ಏಪ್ರಿಲ್‌ನ ಒಂದು ಬೆಳಿಗ್ಗೆ ಕೆಸರಿನ ದಾರಿಯಲ್ಲಿ ಎರಡು ನಾಯಿ ಕಂಡವು. ಮೌಲಾಬಿ ಕೋಲು ಬೀಸಿ ಓಡಿಸಿದಳು. ಆಮೇಲೆ ನಡುಗಡ್ಡೆಗೆ ಹೋಗಿ, ಮೇಲೆ ಹಕ್ಕಿಗಳು ಚೀರುತ್ತಿದ್ದಂತೆಯೇ, ಮೊಟ್ಟೆಗಳನ್ನೆಲ್ಲ ಆರಿಸಿಕೊಂಡು ಬಂದು ಕಾವಿಗೆ ಕೂತಿದ್ದ ಹೇಂಟೆಯ ಕೆಳಗಿಟ್ಟಳು. ಫೋನ್ ಮಾಡಿದ್ದು ಅದಾದ ಮೇಲೆ.

ಶೈಲಾ ಮುಂದಿನ ಬಸ್ಸಿಗೇ ಬಂದಳು.

“ಒಂದೂ ಒಡದಿಲ್ಲ ನೋಡ್ರಿ ಮೇಡಂ,” ಎಂದು ಮೌಲಾಬಿ ಕೋಳಿಯನ್ನು ಮೆಲ್ಲಗೆ ಎತ್ತಿ ತೋರಿಸಿದಳು.

ಬಾಗಿಲಲ್ಲಿ ನಿಂತಿದ್ದ ಕುರಿಗಾರ ಖಂಡೆಪ್ಪ ನಕ್ಕ. “ಊರ ಕೋಳಿ ಮುಗದು ಈಗ ಹೊಳಿ ಹಕ್ಕೀದೂ ಬಾಣಂತನ ಹಿಡದಿ ಏನಬೇ?”

“ನಿನ್ನ ಕುರೀದು ಒಂದ ಉಳದೈತಿ, ಅದನ್ನೂ ಕಳಸು!”

ಶೈಲಾ ನಗಲಿಲ್ಲ. “ಚಾಚಿ, ಮರಿ ಹೊರಗ ಬಂದ ಮ್ಯಾಲೆ?”

“ಮೀನಿಗೇನು ಬರಗಾಲ ಐತೇನ್ರಿ ನಮ್ಮ ಮನ್ಯಾಗ?”

“ನೀರಾಗ ಧುಮುಕಿ ಮೀನ ಹಿಡಿಯೋದು ಯಾರ ಕಲಸ್ತಾರ? ಈ ಕೋಳಿ?”

ಮೌಲಾಬಿಯ ಕೈ ಬುಟ್ಟಿಯ ಅಂಚಿನಲ್ಲೇ ನಿಂತಿತು. “ಮತ್ತ ನಾಯಿ ಬಾಯಿಗೆ ಬಿಡಬೇಕಿತ್ತೇನ್ರಿ?”

“ನಾಯಿ ನೀವ ಓಡಿಸಿದ್ರಿ. ಅಷ್ಟ ಸಾಕಾಗಿತ್ತು.”

ಶೈಲಾ ಮೆಲ್ಲಗೇ ಅಂದಿದ್ದಳು. ಮೌಲಾಬಿಯ ಮುಖ ಮಾತ್ರ ಬಿಸಿಯಾಯಿತು. ಖಂಡೆಪ್ಪ ಅಂದು ಬೆಳಿಗ್ಗೆ ಕೂಗಳತೆಯಲ್ಲೇ ಕುರಿ ಬಿಟ್ಟುಕೊಂಡಿದ್ದ, ದಾರಿ ಕಾಯಲು ಕರೆದಿದ್ದರೆ ಬರುತ್ತಿದ್ದ. ಕರೆಯಬೇಕೆಂದು ಅವಳಿಗೆ ಅನ್ನಿಸಿರಲೇ ಇಲ್ಲ. ತನ್ನಷ್ಟು ಚೆನ್ನಾಗಿ ಮೊಟ್ಟೆ ಕಾಯುವುದು ಆ ಹಕ್ಕಿಗಳಿಂದಲೂ ಆಗದು ಎಂದುಕೊಂಡಿದ್ದಳು.

ಮೊಟ್ಟೆ ಇನ್ನೂ ಬಿಸಿಯಿದ್ದವು. ತಕ್ಷಣ ಒಯ್ದಿಟ್ಟರೆ ಕೆಲವಾದರೂ ಉಳಿಯಬಹುದು ಎಂದಳು ಶೈಲಾ. “ಯಾವ ತಗ್ಗಿನಾಗ ಯಾವು ಇದ್ದವು, ನೆನಪೈತೇನ್ರಿ?”

“ಇಲ್ರಿ,” ಎಂದಳು ಮೌಲಾಬಿ. ನೆರೆಯವರ ಮೊಟ್ಟೆ ಬಂದರೆ ಕೆಟ್ಟದ್ದು ಯಾರದೆಂದು ತಿಳಿಯಲಿ ಎಂದು ಇದ್ದಿಲಿನಿಂದ ಮನೆಮನೆಗೆ ಒಂದು ಗುರುತು ಹಾಕುತ್ತಿದ್ದಳು. ಇವಕ್ಕೆ ಹಾಕಿರಲಿಲ್ಲ. ಇವಕ್ಕೂ ಒಬ್ಬೊಬ್ಬರು ಒಡೆಯರಿದ್ದಾರೆ ಎಂಬುದು ಹೊಳೆದಿರಲಿಲ್ಲ.

ಅಂದಾಜಿನ ಮೇಲೆ ನಡುಗಡ್ಡೆಯ ತಗ್ಗುಗಳಲ್ಲಿ ಮೊಟ್ಟೆ ಇಟ್ಟು ಇಬ್ಬರೂ ದಂಡೆಗೆ ಮರಳಿದರು. ಅಷ್ಟರಲ್ಲಿ ಖಂಡೆಪ್ಪ ದಾರಿಗೆ ಅಡ್ಡಲಾಗಿ ಜಾಲಿಮುಳ್ಳು ಎಳೆಯುತ್ತಿದ್ದ. ಕೆಲವು ಹಕ್ಕಿಗಳು ಇಳಿದು, ಮೈ ಕುಲುಕಿ, ಕೂತವು. ಕೆಲವು ಇಳಿದು ನೋಡಿ ಹಾರಿಹೋದವು. ಅವು ಬಿಟ್ಟ ಮೊಟ್ಟೆಗಳ ಮೇಲೆ ಬಿಸಿಲು ಬೀಳುತ್ತಿತ್ತು. ಮೌಲಾಬಿ ಸೆರಗು ಎಳೆದುಕೊಂಡು ಎದ್ದಳು.

“ಒಂದೀಟು ನೆರಳರ ಮಾಡಿ ಬರ್ತೀನ್ರಿ.”

“ಬ್ಯಾಡ್ರಿ ಚಾಚಿ. ನೀವು ಹೋದ್ರ ಕೂತಾವೂ ಏಳ್ತಾವು. ನೀರು ಇಷ್ಟಕ್ಕ ನಿಂತ್ರ, ತತ್ತಿ ಕಳಕೊಂಡಾವು ಮತ್ತ ಇಡಬಹುದು.”

ಅವಳು ಕೂತಳು. ಮೀನು ಒಯ್ಯಲು ಬಂದಿದ್ದ ಒಬ್ಬನಿಗೆ ಖಂಡೆಪ್ಪ ಕೂಗಿ ಹೇಳಿದ: “ಇಕಿನ ನೋಡಪಾ, ನಾಯಿ ಬಾಯಿಂದ ಹಕ್ಕಿ ಉಳಿಸಿದಾಕಿ!”

“ಹಂಗ ಅನಬ್ಯಾಡೋ ಖಂಡೆಪ್ಪ,” ಎಂದಳು ಮೌಲಾಬಿ. “ಉಳಿಸಿಲ್ಲ. ಕಿತಗೊಂಡ ಬಂದಿದ್ದೆ.”

ಆಮೇಲೆ ಒಂದು ಹೊರೆ ಮುಳ್ಳು ಎಳೆದುಕೊಂಡು, ನಡುಗಡ್ಡೆಗೆ ಬೆನ್ನು ಮಾಡಿ, ಬೇಲಿ ಹಚ್ಚತೊಡಗಿದಳು.