ಎರಡು ಪಾಯಿಂಟ್ ಮಾಫಿ

ರೇಸ್ ಟ್ರ್ಯಾಕಿನಲ್ಲಿ ಟೈರಿನ ಗಾಳಿ ಪರೀಕ್ಷಿಸುವವನಿಗೆ ಎಲ್ಲರೂ ಇಟ್ಟಿದ್ದ ಹೆಸರು ತಕ್ಕಡಿ. ಹತ್ತೊಂಬತ್ತು ವರ್ಷದಿಂದ ಒಂದೇ ಕೆಲಸ: ಕಾರುಗಳು ಸಾಲಾಗಿ ನಿಂತಾಗ ಮಂಡಿಯೂರಿ ನಾಲ್ಕೂ ಚಕ್ರಕ್ಕೆ ಗೇಜು ಹಚ್ಚುವುದು, ಬಂದ ಅಂಕಿಯನ್ನು ಪಟ್ಟಿಯಲ್ಲಿ ಬರೆದು ಸಹಿ ಹಾಕುವುದು. ಇಪ್ಪತ್ತೆರಡು ಪಾಯಿಂಟಿಗಿಂತ ಕಡಿಮೆಯಿದ್ದರೆ ಕಾರು ಆಚೆ. ಗಾಳಿ ಕಡಿಮೆಯಾದಷ್ಟೂ ಟೈರು ಅಗಲವಾಗಿ ಕೂತು ತಿರುವಿನಲ್ಲಿ ನೆಲ ಬಿಡುವುದಿಲ್ಲ, ಕಾರು ಮುಂದೆ ಹೋಗುತ್ತದೆ. ಆದರೆ ನಲುಗಿ ನಲುಗಿ, ಕಾದು ಸಿಡಿಯಲೂಬಹುದು. ಅದಕ್ಕೇ ಆ ಅಂಕಿ. ಮಹಾರಾಯ ಎಷ್ಟು ಕಟ್ಟುನಿಟ್ಟೆಂದರೆ, ಒಮ್ಮೆ ಟ್ರ್ಯಾಕಿನ ಮಾಲೀಕನ ಮಗನ ಕಾರನ್ನೇ ಅರ್ಧ ಪಾಯಿಂಟಿಗೆ ವಾಪಸು ಕಳಿಸಿದ್ದ. ಊಟಕ್ಕೆ ಕೂತಾಗಲೆಲ್ಲ ಆ ಕಥೆ ಹೇಳಿ ಹೇಳಿಯೇ ಮಗಳನ್ನು ಬೆಳೆಸಿದ್ದ.

ಅದು ನಿಜ. ಆದರೆ ಮಗಳಿಗೆ ಹೇಳದ ಇನ್ನೊಂದು ನಿಜವೂ ಇತ್ತು. ಆ ಟ್ರ್ಯಾಕಿನಲ್ಲಿ ಎಲ್ಲೂ ಬರೆದಿಡದ ಒಂದು ಪದ್ಧತಿ ನಡೆದು ಬಂದಿತ್ತು: ವರ್ಷಕ್ಕೆ ಒಂದೇ ಒಂದು ಸಲ, ಪ್ರತಿ ತಂಡಕ್ಕೂ ಎರಡು ಪಾಯಿಂಟ್ ಮಾಫಿ. ಚಕ್ರದಲ್ಲಿ ಇಪ್ಪತ್ತಿದ್ದರೂ ತಕ್ಕಡಿ ಇಪ್ಪತ್ತೆರಡು ಬರೆಯುತ್ತಿದ್ದ. ಅದಕ್ಕೆ ಕಾಸು ಮುಟ್ಟುತ್ತಿದ್ದನೇ? ಛೇ, ಎಲ್ಲಾದರೂ ಉಂಟೇ! ಒಬ್ಬರಿಗೆ ಹೆಚ್ಚಿಲ್ಲ, ಒಬ್ಬರಿಗೆ ಕಡಿಮೆಯಿಲ್ಲ ಎಂಬುದೇ ಅವನ ಹೆಮ್ಮೆ. ಮೋಸವನ್ನೂ ನ್ಯಾಯವಾಗಿ ಹಂಚುತ್ತೇನೆಂದು ಒಳಗೊಳಗೇ ಬೀಗುತ್ತಿದ್ದ ಪುಣ್ಯಾತ್ಮ.

ಮಾಫಿ ಸಿಗದವನು ಒಬ್ಬನೇ, ಅವನ ಅಳಿಯ. ಅಳಿಯನೂ ಕಾರು ಓಡಿಸುವವನೇ. ಮಾವನ ಕೃಪೆಯಿಂದ ಗೆದ್ದ ಎಂದು ಜನ ಆಡಿಕೊಂಡಾರೆಂದು ತಕ್ಕಡಿ ಮೂರು ವರ್ಷ ಅವನಿಗೆ ಕೂದಲೆಳೆಯಷ್ಟೂ ಬಿಟ್ಟುಕೊಟ್ಟಿರಲಿಲ್ಲ. ಆ ವರ್ಷದ ಕೊನೆಯ ರೇಸಿನ ಮಧ್ಯಾಹ್ನ ಅಳಿಯ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಂದ.

"ಮಾವ, ಎಲ್ಲರಿಗೂ ಕೊಟ್ಟಿದ್ದೀರಿ. ನಾನೊಬ್ಬ ಏನು ಪಾಪ ಮಾಡಿದ್ದೀನಿ?"

"ಜನ ಏನಂತಾರೆ ಗೊತ್ತೇನಪ್ಪಾ?"

"ಮೂರು ವರ್ಷದಿಂದ ನನ್ನ ಪಾಲು ಕಿತ್ಕೊಂಡು ನೀವು ಒಳ್ಳೆಯವರು ಅನ್ನಿಸಿಕೊಂಡಿದ್ದೀರಿ. ಇದ್ಯಾವ ನ್ಯಾಯ, ನೀವೇ ಹೇಳಿ."

ಮಾತು ನಾಟಿತು. ತಕ್ಕಡಿ ಮಂಡಿಯೂರಿ ಗೇಜು ಹಚ್ಚಿದ. ಇಪ್ಪತ್ತು ತೋರಿಸಿತು. ಇಪ್ಪತ್ತೆರಡು ಎಂದು ಬರೆದ.

ಒಂಬತ್ತನೇ ಸುತ್ತಿನಲ್ಲಿ ಹಿಂದಿನ ಎಡ ಟೈರು ಸಿಡಿಯಿತು. ಕಾರು ತಡೆಬೇಲಿ ಮುರಿದುಕೊಂಡು ಬಾವುಟ ತೋರಿಸುವವನ ಮೇಲೆ ನುಗ್ಗಿತು. ಅವನ ಜೀವ ಅಲ್ಲೇ ಹೋಯಿತು. ಅಳಿಯನ ಬಲಗಾಲನ್ನು ಮಂಡಿಯ ಕೆಳಗೆ ಕತ್ತರಿಸಿ ತೆಗೆದರು. ಆ ಟೈರು ಚಿಂದಿ ಚಿಂದಿಯಾಗಿತ್ತು, ಉಳಿದ ಮೂರೂ ಡಿಕ್ಕಿಗೆ ಒಡೆದಿದ್ದವು. ಅವುಗಳಲ್ಲಿ ಎಷ್ಟು ಗಾಳಿಯಿತ್ತೆಂದು ಹೇಳಲು ಉಳಿದದ್ದು ತಕ್ಕಡಿಯ ಪಟ್ಟಿಯೊಂದೇ.

ತಿಂಗಳು ಕಳೆದ ಮೇಲೆ ಟ್ರ್ಯಾಕಿನ ಕಚೇರಿಯ ಮಹಡಿಯಲ್ಲಿ ರೇಸ್ ಸಮಿತಿಯ ವಿಚಾರಣೆ ನಡೆಯಿತು. ಅಳಿಯ ಗಾಲಿಕುರ್ಚಿಯಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ನಾನೇ ಕೇಳಿದೆ, ಮಾವ ಕೊಟ್ಟರು. ಇದ್ದದ್ದು ಇಪ್ಪತ್ತೇ. ತಪ್ಪು ನನ್ನದೂ ಹೌದು."

ಸಮಿತಿಯ ಅಧ್ಯಕ್ಷ ನಕ್ಕೇಬಿಟ್ಟ. "ಯಾರ ಮೇಲ್ರೀ ಹೇಳ್ತಿದ್ದೀರಿ? ತಕ್ಕಡಿ ಮೇಲಾ?"

ಹಿಂದಿನ ಸಾಲಿನಲ್ಲಿ ಮಾಫಿ ಪಡೆದ ಏಳು ತಂಡದವರೂ ಕೂತಿದ್ದರು. ಒಬ್ಬನಾದರೂ ತುಟಿಪಿಟಕ್ಕೆನ್ನಬೇಕಲ್ಲ! ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

"ನೀವೇ ಹೇಳಿಬಿಡಿ, ಎಷ್ಟಿತ್ತು?" ಎಂದು ಅಧ್ಯಕ್ಷ ತಕ್ಕಡಿಯನ್ನು ಕೇಳಿದ.

ನಿಜ ಹೇಳಿದರೆ ಕೆಲಸ ಹೋಗುತ್ತದೆ, ಜೈಲೂ ಆದೀತು. ಅದಕ್ಕಿಂತ ಹೆಚ್ಚಾಗಿ, ಹತ್ತೊಂಬತ್ತು ವರ್ಷದ ಹೆಸರು ಮಣ್ಣುಪಾಲು. ಹೇಳದಿದ್ದರೆ, ಗಾಳಿ ಸರಿಯಿದ್ದೂ ಅಡ್ಡಾದಿಡ್ಡಿ ಓಡಿಸಿ ಟೈರು ಸಿಡಿಸಿದನೆಂದು ಕಾಲು ಕಳೆದುಕೊಂಡ ಅಳಿಯನೇ ಕೊಲೆಗಾರ. ಗಂಡನ ಕೈ ಹಿಡಿದು ಕೂತ ಮಗಳು ಅಪ್ಪನನ್ನೇ ನೋಡುತ್ತಿದ್ದಳು. ಆ ಕಣ್ಣಿನಲ್ಲಿ ಸಣ್ಣವನಾಗುವ ಧೈರ್ಯ ಅವನಿಗಿರಲಿಲ್ಲ.

"ಪಟ್ಟಿಯಲ್ಲಿ ಇರೋದೇ ಸತ್ಯ, ಸ್ವಾಮಿ. ಇಪ್ಪತ್ತೆರಡು."

ಅಳಿಯ ಕೂಗಾಡಲಿಲ್ಲ. ಹೆಂಡತಿಯ ಕಡೆ ತಿರುಗಿ, "ನೀನಾದ್ರೂ ನಂಬ್ತೀಯಲ್ಲ?" ಎಂದ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

ಸಮಿತಿ ಅವನ ಲೈಸೆನ್ಸು ಶಾಶ್ವತವಾಗಿ ಕಿತ್ತುಕೊಂಡಿತು. ಅಜಾಗರೂಕತೆಯಿಂದ ಓಡಿಸಿ ಒಬ್ಬನನ್ನು ಕೊಂದನೆಂದು ಪೊಲೀಸರಿಗೂ ಬರೆಯಿತು. ತಕ್ಕಡಿಯ ಪಟ್ಟಿಗಳು ಉಳಿದವರಿಗೆ ಮಾದರಿ ಎಂದು ಅದೇ ಕಾಗದದ ಕೊನೆಯಲ್ಲಿ ಹೊಗಳಿತ್ತು.

ಮರುದಿನ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ಮಗಳು, ಕೈಯಲ್ಲಿ ಸೂಟ್‌ಕೇಸು. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು.

"ಅವನ ಹತ್ರ ಯಾರಿದ್ದಾರಮ್ಮಾ?"

"ಯಾರೂ ಇಲ್ಲ. ಬಿಡಬೇಡ ಅಂತ ಕೈ ಮುಗಿದ, ಕುರ್ಚಿಯಿಂದ ಬಿದ್ದ. ಎತ್ತಿ ಕೂರಿಸಿ ಬಂದೆ. ತನ್ನ ತಪ್ಪು ಮುಚ್ಚಿಕೊಳ್ಳೋಕೆ ನಿನ್ನ ಮೇಲೆ ಗೂಬೆ ಕೂರಿಸಿದೋನ ಜೊತೆ ನಾನು ಬಾಳಲ್ಲಪ್ಪಾ."

ತಕ್ಕಡಿ ಬಾಯಿ ತೆರೆದ. ಇನ್ನೂ ಹೊತ್ತು ಮೀರಿರಲಿಲ್ಲ, ಒಂದೇ ಒಂದು ಮಾತು ಸಾಕಿತ್ತು.

"ಒಳಗೆ ಬಾ ಮಗಳೇ," ಎಂದು ಸೂಟ್‌ಕೇಸನ್ನು ತಾನೇ ಎತ್ತಿಕೊಂಡ.