ಮಣ್ಣಿನ ಸೈನಿಕರ ಗಡ್ಡ

ಕಳೆದ ಗುರುವಾರ ನನ್ನ ಇಪ್ಪತ್ತು ವರ್ಷ ಹಳೆಯ ಗೆಳೆಯ ನಮ್ಮ ಮನೆಯ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದ. ಕಾರಣ? ನಲವತ್ತು ಜನ ಸೈನಿಕರು. ಒಬ್ಬೊಬ್ಬನೂ ಬೆರಳುದ್ದ.

ಬಿಡಿಸಿ ಹೇಳುತ್ತೇನೆ. ಗೆಳೆಯ ರಾಜೇಸಾಬ ಮುದ್ದೇಬಿಹಾಳದ ದನದ ದವಾಖಾನೆಯಲ್ಲಿ ಕಂಪೌಂಡರ್. ನಾನು ಅದೇ ಊರಿನಲ್ಲಿ ಇತಿಹಾಸದ ಮಾಸ್ತರ. ಪ್ರತಿ ರವಿವಾರ ನಾವಿಬ್ಬರೂ ನಮ್ಮ ಪಡಸಾಲೆಯ ಮಂಚದ ಮೇಲೆ ರಕ್ಕಸತಂಗಡಗಿಯ ಯುದ್ಧ ಮಾಡುತ್ತೇವೆ. (ನಗಬೇಡಿ. ಇಸ್ಪೀಟಿಗಿಂತ ಇದು ವಾಸಿ ಎಂದು ನನ್ನ ಹೆಂಡತಿಯೇ ಸರ್ಟಿಫಿಕೇಟು ಕೊಟ್ಟಿದ್ದಾಳೆ.) ತಂಗಡಗಿ ನಮ್ಮ ತಾಲೂಕಿನಲ್ಲೇ ಇರುವಾಗ ಪರದೇಶದ ಯುದ್ಧ ನಮಗೇಕೆ?

ಹುಣಸೆ ಬೀಜ ಕಾಲಾಳು, ಅಡಿಕೆ ಆನೆ. ಯಾರು ವಿಜಯನಗರ, ಯಾರು ಸುಲ್ತಾನರು? ಅದಕ್ಕೆ ಛಾಪಾ-ಕಾಟಾ, ಒಂದಾಣೆ ಬಿಲ್ಲೆ ಚಿಮ್ಮಿ ನೋಡುವುದು. ಎಷ್ಟೋ ಸಲ ರಾಜೇಸಾಬ ವಿಜಯನಗರದ ಪರ ಕಾದಿ ನನ್ನ ಸುಲ್ತಾನರನ್ನು ಕೃಷ್ಣಾ ಹೊಳೆಗೆ ಅಟ್ಟಿದ್ದಾನೆ.

ಆದರೆ ಮನುಷ್ಯನಿಗೆ ಸಾಕು ಅನ್ನಿಸುವುದುಂಟೇ? ಈ ಬೇಸಿಗೆಯಲ್ಲಿ ಕೈಕಾಲಿರುವ ಸೈನಿಕರೇ ಬೇಕೆನಿಸಿತು. ಮಾಡುವವರು ಇಬ್ಬರು ಸಿಕ್ಕರು.

ಒಬ್ಬ ಸಿಂದಗಿಯ ಕಂಚಗಾರ. ಸೀಸದ ಎರಕ ಹೊಯ್ಯುವವ. ಸ್ಯಾಂಪಲ್ ನೋಡಿದರೆ ಮೂಗು, ಬೆರಳು, ಕತ್ತಿ ಎಲ್ಲ ಖಡಕ್. ಆದರೆ ಅವನಲ್ಲಿದ್ದದ್ದು ಒಂದೇ ಅಚ್ಚು, ಯಾರೋ ಸಾಹೇಬರ ಮಕ್ಕಳ ಆಟಿಗೆಯಿಂದ ತೆಗೆದದ್ದು. ಸೈನಿಕ ಹ್ಯಾಟು, ಪ್ಯಾಂಟು ಹಾಕಿಕೊಂಡಿದ್ದ.

"ಹ್ಯಾಟ ತಿಕ್ಕಿ ತಗೀತೇನ್ರಿ. ಪ್ಯಾಂಟ ಹೆಂಗ ಬಿಚ್ಚಲಿ?" ಅಂದ.

ಇನ್ನೊಬ್ಬ ಮಸೂತಿ ಎಂಬ ಊರಿನ ಕುಂಬಾರ ಸಂಗಪ್ಪ. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಗೂ ಮಣ್ಣಿನ ಎತ್ತಿನ ಜೋಡಿ ಕೊಡುವವ. ಅವನ ಸೈನಿಕನಿಗೆ ಡೊಳ್ಳು ಹೊಟ್ಟೆ, ಸೊಟ್ಟ ಕಾಲು, ಕಸಬರಿಗೆ ಕಡ್ಡಿಯ ಈಟಿ. ಆದರೆ ಉಟ್ಟದ್ದು ಧೋತರ, ತಲೆಗೆ ಸುತ್ತಿದ್ದು ಪಟಕ. ನಮ್ಮೂರ ಸಂತೆಯಿಂದ ಎದ್ದು ಬಂದವನಂತೆ ಕಂಡ.

"ಸೀಸ ಒಡಿಯೂದಿಲ್ಲ" ಎಂದು ರಾಜೇಸಾಬನ ವಾದ. "ಪ್ಯಾಂಟ ಹಾಕ್ಕೊಂಡು ತಂಗಡಗಿಗೆ ಯಾವಾಂವ ಬಂದಿದ್ದ?" ಎಂದು ನನ್ನದು. ಎರಡು ವಾರ ಜಗ್ಗಾಡಿದೆವು. ಕಡೆಗೆ ಅವನೇ ಸೋತು, "ಆತು, ಆರ್ಡರ್ ನೀನ ಕೊಡು" ಅಂದ.

ಕೊಟ್ಟೆ. ಗುರುತಿಗೆಂದು ಚೀಟಿಯ ಮೇಲೆ ಚಿತ್ರವನ್ನೂ ಬರೆದೆ. ಸುಲ್ತಾನರ ಇಪ್ಪತ್ತು ಜನಕ್ಕೆ ಗಡ್ಡ, ವಿಜಯನಗರದ ಇಪ್ಪತ್ತು ಜನಕ್ಕೆ ಹಣೆಯ ಮೇಲೆ ವಿಭೂತಿ. ಯೋಚಿಸಿ ಬರೆದದ್ದಲ್ಲ. ಪ್ರತಿ ವರ್ಷ ಏಳನೆಯ ಇಯತ್ತೆಗೆ ಈ ಪಾಠ ಮಾಡುವಾಗ ಕರಿಹಲಗೆಯ ಮೇಲೆ ಬರೆಯುವ ಚಿತ್ರವೇ ಅದು. ಕೈಗೆ ರೂಢಿಯಾಗಿಬಿಟ್ಟಿದೆ.

ಗುರುವಾರ ಬುಟ್ಟಿ ಬಂತು. ರಾಜೇಸಾಬ ಗಡ್ಡದವನೊಬ್ಬನನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದ.

"ಮಾಸ್ತರ, ಇನ್ನ ಛಾಪಾ-ಕಾಟಾ ಇಲ್ಲೇನು?"

"ಯಾಕ ಬೇಕು? ಇವು ನಿನ್ನವು, ಅವು ನನ್ನವು."

ಅಂದ ಮೇಲೆ ನನಗೆ ಕೇಳಿಸಿತು, ಏನಂದೆ ಅಂತ. ಆಡಿದ ಮಾತು ಹಿಂದಕ್ಕೆ ಬಂದೀತೇ?

ಅವನು ಸೈನಿಕನನ್ನು ಮೆಲ್ಲಗೆ ಬುಟ್ಟಿಯಲ್ಲಿಟ್ಟ. "ಇಪ್ಪತ್ತ ವರ್ಷ ಇಲ್ಲೇ ಕುಂತೇನಿ. ಇವತ್ತ ನನಗ ಜಾಗಾ ತೋರಿಸಿದಿ" ಅಂದ. ಚಪ್ಪಲಿ ಮೆಟ್ಟಿ ನಡೆದ.

ಎರಡು ದಿನ ನನಗೆ ಊಟ ಸೇರಲಿಲ್ಲ. ನಾಚಿಕೆಯಾಯಿತು. ಎರಡೂ ದಂಡಿನಲ್ಲಿ ಎರಡೂ ಥರದ ಜನ ಇದ್ದರೆಂದು ಓದಿದವನು ನಾನು. ಅವನ ಮುತ್ತ್ಯಾ, ನನ್ನ ಮುತ್ತ್ಯಾ ಯಾರ ಕಡೆ ಕಾದಿದರೋ ಯಾರು ಬಲ್ಲರು? ಓದಿದ್ದು ತಲೆಯಲ್ಲೇ ಉಳಿದಿತ್ತು, ಕೈಗೆ ಇಳಿದಿರಲಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿಸಿ, ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಮಸೂತಿಯ ಬಸ್ಸು ಹಿಡಿದೆ.

"ಸಂಗಪ್ಪ, ಗಡ್ಡಾ, ವಿಭೂತಿ ಎರಡೂ ತಗೀಬೇಕು. ಸುಟ್ಟ ಮಣ್ಣು, ಆಗ್ತದೋ ಇಲ್ಲೋ."

ಅವನು ನಕ್ಕ. "ಸುಟ್ಟಿಲ್ರಿ. ಮಣ್ಣೆತ್ತು ಯಾರರ ಸುಡ್ತಾರೇನ್ರಿ? ಪೂಜಿ ಆದಮ್ಯಾಲ ನೀರಾಗ ಕರಗಬೇಕಲ್ರಿ. ಇವೂ ಹಂಗ ಅಂತ ತಿಳದೆ."

ಬೇರೆ ದಿನವಾಗಿದ್ದರೆ ಜಗಳವೇ ಆಗುತ್ತಿತ್ತು. (ನಮ್ಮ ಮಾಳಿಗೆ ಒಮ್ಮೆ ಸೋರಿದ್ದರೆ ಎರಡು ದಂಡೂ ಕೂಡಿ ಒಂದೇ ಮುದ್ದೆ.) ಅಂದು ಅವನ ತಪ್ಪೇ ನನ್ನನ್ನು ಉಳಿಸಿತು. ಒದ್ದೆ ಅರಿವೆ ಹಿಡಿದು ಒಬ್ಬೊಬ್ಬನ ಗದ್ದ, ಹಣೆ ಒರೆಸಿ ಹೆಬ್ಬೆರಳಿನಿಂದ ತೀಡಿದ. ಗುರುತಿಗೆ ಈಟಿಗಳಿಗೆ ದಾರ ಕಟ್ಟಿದ, ಅರ್ಧಕ್ಕೆ ಕೆಂಪು, ಅರ್ಧಕ್ಕೆ ಬಿಳಿ.

"ಈಗರ ಸುಡ್ಲೇನ್ರಿ?"

"ಬ್ಯಾಡ. ಹಸೀನ ಇರ್ಲಿ" ಅಂದೆ.

ರವಿವಾರ ನಾನೇ ಬುಟ್ಟಿ ಹೊತ್ತು ರಾಜೇಸಾಬನ ಮನೆಗೆ ಹೋದೆ. "ತಪ್ಪಾತು" ಅಂದೆ. ಅವನು ಒಬ್ಬೊಬ್ಬನ ಗದ್ದ ಸವರಿ ನೋಡಿದ. ಆಮೇಲೆ ಒಳಗೆ ಕೂಗಿ ಚಹಾ ಹೇಳಿದ. ನನ್ನ ಜೀವ ಜಾಗಕ್ಕೆ ಬಂತು. ಬಿಲ್ಲೆ ಚಿಮ್ಮಿದೆವು, ವಿಜಯನಗರ ಅವನಿಗೇ ಬಿತ್ತು.

ದಂಡು ಹೂಡುತ್ತ, ತಲೆ ಎತ್ತದೆ ಕೇಳಿದ: "ನನ್ನ ಮಗಾ ನಿನ್ನ ಕರಿಹಲಗಿ ನೋಡಿಕೋತನ ಏಳನೇತ್ತ ದಾಟಿದ. ಬರೂ ವರ್ಷ ಮಗಳು ಬರ್ತಾಳ. ಅಲ್ಲಿ ಗಡ್ಡಾ ಯಾವಾಗ ಒರಸ್ತಿ, ಮಾಸ್ತರ?"

ಕರಿಹಲಗೆಗೆ ಡಸ್ಟರ್ ಇದೆ. ಇಷ್ಟು ವರ್ಷ ಆ ಚಿತ್ರ ನೋಡಿ ದಾಟಿ ಹೋದವರ ತಲೆಯನ್ನು ಯಾವ ಒದ್ದೆ ಅರಿವೆಯಿಂದ ಒರೆಸಲಿ?